ಆಟಗಾರ ಯಾವ ನಾಡಿನವನು? ಮುಲ್ಕಿ ಫರ್ಮಾನಿನಿಂದ ಕ್ರೀಡಾಂಗಣದವರೆಗೆ

2024ರ ಅಕ್ಟೋಬರ್ ತಿಂಗಳಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ ಕ್ರಿಕೆಟ್ ತಂಡ ಮೊದಲ ಇನಿಂಗ್ಸಿನಲ್ಲಿ ಬರೀ 46 ರನ್ನಿಗೆ ಉರುಳಿತು. ಅದೇ ಮೈದಾನದಲ್ಲಿ ನ್ಯೂಜಿಲೆಂಡಿನ ಎಡಗೈ ಬ್ಯಾಟ್ಸ್‌ಮನ್ ಒಬ್ಬ 134 ರನ್ ಹೊಡೆದ. ಎರಡನೇ ಇನಿಂಗ್ಸಿನಲ್ಲಿ ಔಟಾಗದೆ ಉಳಿದು ತಂಡವನ್ನು ಗೆಲುವಿನ ದಡಕ್ಕೂ ಮುಟ್ಟಿಸಿದ. 1988ರ ನಂತರ ನ್ಯೂಜಿಲೆಂಡ್ ಭಾರತದ ನೆಲದಲ್ಲಿ ಟೆಸ್ಟ್ ಗೆದ್ದದ್ದು ಅದೇ ಮೊದಲು. ಆತನ ಹೆಸರು ರಚಿನ್ ರವೀಂದ್ರ. ತಂದೆ ತಾಯಿ ಬೆಂಗಳೂರಿನವರು, ಮಗ ಹುಟ್ಟಿದ್ದು 1999ರಲ್ಲಿ ವೆಲ್ಲಿಂಗ್ಟನ್ನಿನಲ್ಲಿ. ಅದಕ್ಕೂ ಒಂದು ವರ್ಷ ಮೊದಲು, 2023ರ ವಿಶ್ವಕಪ್ಪಿನಲ್ಲಿ ಇದೇ ಅಂಗಳದಲ್ಲಿ ಪಾಕಿಸ್ತಾನದ ವಿರುದ್ಧ ಶತಕ ಬಾರಿಸಿದಾಗ ಬೆಂಗಳೂರಿನ ಪ್ರೇಕ್ಷಕರು ಅವನ ಹೆಸರು ಹಿಡಿದು ಕೂಗಿದ್ದರು. ಪಾಕಿಸ್ತಾನದ ವಿರುದ್ಧ ಹೊಡೆದಾಗ ಅವನು 'ನಮ್ಮ ಹುಡುಗ'. ಭಾರತದ ವಿರುದ್ಧ ಹೊಡೆದಾಗ ಅವನನ್ನು ಏನೆಂದು ಕರೆಯಬೇಕೆಂಬುದು ಹಲವರಿಗೆ ಹೊಳೆಯಲಿಲ್ಲ.

ಇಂಥದೇ ಇಕ್ಕಟ್ಟನ್ನು ಇಂಗ್ಲೆಂಡಿನ ರಾಜಕಾರಣಿಯೊಬ್ಬರು ಒಮ್ಮೆ ಒಂದು ಪರೀಕ್ಷೆಯನ್ನಾಗಿಯೇ ಮಾಡಿಬಿಟ್ಟಿದ್ದರು. 1990ರ ಏಪ್ರಿಲ್‌ನಲ್ಲಿ ಕನ್ಸರ್ವೇಟಿವ್ ಪಕ್ಷದ ನಾರ್ಮನ್ ಟೆಬಿಟ್ ಅವರು ಅಮೆರಿಕದ ಪತ್ರಿಕೆಯೊಂದಕ್ಕೆ ಸಂದರ್ಶನ ನೀಡುತ್ತ, ಭಾರತ, ಪಾಕಿಸ್ತಾನ, ವೆಸ್ಟ್ ಇಂಡೀಸ್‌ಗಳಿಂದ ಬಂದು ಬ್ರಿಟನ್ನಿನಲ್ಲಿ ನೆಲೆಸಿದವರು ಕ್ರಿಕೆಟ್ಟಿನಲ್ಲಿ ಯಾವ ತಂಡಕ್ಕೆ ಜೈ ಎನ್ನುತ್ತಾರೆ ಎಂಬುದನ್ನು ನೋಡಿದರೆ ಅವರು ಬ್ರಿಟಿಷರಾಗಿದ್ದಾರೋ ಇಲ್ಲವೋ ತಿಳಿಯುತ್ತದೆ ಎಂಬರ್ಥದ ಮಾತನ್ನಾಡಿದರು. 'ಟೆಬಿಟ್ ಪರೀಕ್ಷೆ' ಎಂದೇ ಅದು ಹೆಸರಾಯಿತು. ಮನುಷ್ಯನ ಮನಸ್ಸು ಯಾವ ನಾಡಿನ ಕಡೆಗಿದೆ ಎಂಬುದನ್ನು ಹೊರಗಿನಿಂದ ಅಳೆಯಬಹುದು ಎಂಬ ನಂಬಿಕೆ ಅದರ ಬೆನ್ನಿಗಿತ್ತು.

ಸೇಡಂ, ಚಿತ್ತಾಪುರ, ಚಿಂಚೋಳಿಯ ಹಿರಿಯ ತಲೆಮಾರಿಗೆ ಈ ನಂಬಿಕೆಯ ಪರಿಚಯ ಟೆಬಿಟ್ಟರಿಗಿಂತ ಬಹಳ ಹಿಂದೆಯೇ ಆಗಿತ್ತು. ಈ ಭಾಗ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲದಲ್ಲಿ 'ಮುಲ್ಕಿ' ಎಂಬ ಒಂದು ಶಬ್ದ ನೌಕರಿಯ ಬಾಗಿಲನ್ನು ತೆರೆಯುತ್ತಿತ್ತು ಅಥವಾ ಮುಚ್ಚುತ್ತಿತ್ತು. ಮುಲ್ಕ್ ಎಂದರೆ ನಾಡು. ಮುಲ್ಕಿ ಎಂದರೆ ನಾಡಿಗ. ಹೊರಗಿನಿಂದ ಬಂದವನು ಗೈರ್‌ಮುಲ್ಕಿ. ಉತ್ತರ ಹಿಂದೂಸ್ತಾನದಿಂದಲೂ ಮದರಾಸಿನ ಕಡೆಯಿಂದಲೂ ಬಂದ ಇಂಗ್ಲಿಷ್ ಕಲಿತವರು ಸಂಸ್ಥಾನದ ಹುದ್ದೆಗಳನ್ನು ತುಂಬಿಕೊಳ್ಳುತ್ತಿದ್ದಾರೆಂಬ ದೂರು ಬೆಳೆದಾಗ ನಿಜಾಮರು 1919ರಲ್ಲಿ ಫರ್ಮಾನು ಹೊರಡಿಸಿ ನಿಯಮಗಳನ್ನು ಬಿಗಿ ಮಾಡಿದರು. ಅದರ ಪ್ರಕಾರ ಹುಟ್ಟಿನಿಂದ ಸಂಸ್ಥಾನದ ಪ್ರಜೆಯಾದವನು ಮುಲ್ಕಿ. ಮಗು ಹುಟ್ಟುವಾಗ ತಂದೆ ಸರ್ಕಾರಿ ನೌಕರಿಯಲ್ಲಿದ್ದು 15 ವರ್ಷ ಸೇವೆ ಮುಗಿಸಿದ್ದರೆ ಆ ಮಗು ಮುಲ್ಕಿ. ಮುಲ್ಕಿಯ ಹೆಂಡತಿಯೂ ಮುಲ್ಕಿ. (ಮುಲ್ಕಿ ಹೆಂಗಸಿನ ಗಂಡನ ಪಾಡೇನು ಎಂದು ಫರ್ಮಾನು ಕೇಳಿಕೊಳ್ಳಲಿಲ್ಲ.)

ಇವೆಲ್ಲಕ್ಕಿಂತ ಕುತೂಹಲಕರವಾದದ್ದು ವಾಸದ ನಿಯಮ. ಹೊರಗಿನವನು ಕನಿಷ್ಠ 15 ವರ್ಷ ಸಂಸ್ಥಾನದಲ್ಲಿ ಕಾಯಂ ಆಗಿ ನೆಲೆಸಿರಬೇಕು. ಅಷ್ಟೇ ಸಾಲದು, ಹಿಂದಿನ ಊರಿಗೆ ಮರಳುವ ಆಲೋಚನೆಯನ್ನು ಬಿಟ್ಟಿದ್ದೇನೆ ಎಂದು ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿ ಬರೆದುಕೊಡಬೇಕು. ಮನಸ್ಸಿನೊಳಗಿನ ಆಸೆಯನ್ನು ಛಾಪಾ ಕಾಗದದ ಮೇಲೆ ಇಳಿಸಿ ಸಹಿ ಹಾಕಿಸಿಕೊಳ್ಳುವ ಈ ಏರ್ಪಾಡು, ಟೆಬಿಟ್ಟರು ಮೈದಾನದ ಕಟ್ಟೆಯ ಮೇಲೆ ನಡೆಸಬೇಕೆಂದಿದ್ದ ಪರೀಕ್ಷೆಯ ಕಚೇರಿ ರೂಪವೇ ಆಗಿತ್ತು.

ಕಲಬುರಗಿಯ ನೆಲಕ್ಕೆ ಈ ತಂಟೆ ಇನ್ನೂ ಹಳೆಯದು. 1347ರಲ್ಲಿ ಇಲ್ಲಿ ರಾಜಧಾನಿ ಕಟ್ಟಿದ ಬಹಮನಿ ಸುಲ್ತಾನರ ಆಸ್ಥಾನ ಕಾಲಾನಂತರದಲ್ಲಿ ಎರಡು ಬಣವಾಯಿತು. ಮೊದಲೇ ನೆಲೆಸಿದ್ದವರು ದಖನಿಗಳು, ಇರಾನ್ ಕಡೆಯಿಂದ ಹೊಸದಾಗಿ ಬಂದವರು ಆಫಾಕಿಗಳು. ಆ ರಾಜ್ಯದ ಮಹಾ ಮಂತ್ರಿ ಮಹಮೂದ್ ಗವಾನ್ ಹೊರಗಿನಿಂದ ಬಂದ ವರ್ತಕ. ಎರಡೂ ಬಣಗಳ ತಕ್ಕಡಿ ಸರಿತೂಗಿಸಲು ಹೊರಟ ಅವನನ್ನು 1481ರಲ್ಲಿ ಬೀದರ್ ಸುಲ್ತಾನನೇ ಸುಳ್ಳು ಪತ್ರವೊಂದನ್ನು ನಂಬಿ ಕೊಲ್ಲಿಸಿದ. ದಖನಿ ಬಣದ ಪರ ನಿಂತವರಲ್ಲಿ ಆಫ್ರಿಕಾ ಮೂಲದ ಹಬ್ಶಿಗಳೂ ಇದ್ದರು ಎಂಬುದನ್ನು ಇಲ್ಲಿ ನೆನಪಿಡಬೇಕು. ಅವರ ಮಾತು ಮುಂದೆ ಬರುತ್ತದೆ.

ಆಟದ ಮೈದಾನದಲ್ಲಿ 'ಇವನು ನಮ್ಮವನೇ' ಎಂಬ ವಿವಾದ ಎದ್ದ ಮೊದಲ ಪ್ರಕರಣಗಳಲ್ಲಿ ಒಂದು ಭಾರತೀಯನದೇ. ನವಾನಗರದ ರಣಜಿತ್‌ಸಿಂಹಜಿ 1896ರಲ್ಲಿ ಇಂಗ್ಲೆಂಡಿನ ಕೌಂಟಿ ಪಂದ್ಯಗಳಲ್ಲಿ ರನ್ನಿನ ಮಳೆಗರೆಯುತ್ತಿದ್ದರು. ಆಗ ತಂಡ ಆರಿಸುತ್ತಿದ್ದದ್ದು ಪಂದ್ಯ ನಡೆಯುವ ಮೈದಾನದ ಸಮಿತಿ. ಲಾರ್ಡ್ಸ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧದ ಟೆಸ್ಟಿಗೆ ಅವರನ್ನು ಕರೆಯಲಿಲ್ಲ. ಹುಟ್ಟಿನಿಂದ ಇಂಗ್ಲಿಷರಲ್ಲದವರು ಆಡಬಾರದೆಂದು ಲಾರ್ಡ್ ಹ್ಯಾರಿಸ್ ಅಡ್ಡಿಯಾದರು ಎಂಬ ಮಾತಿದೆ. ಬೊಂಬಾಯಿಯ ಗವರ್ನರರಾಗಿದ್ದ ಈ ಹ್ಯಾರಿಸ್ ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ, ವೆಸ್ಟ್ ಇಂಡೀಸಿನ ಟ್ರಿನಿಡಾಡಿನಲ್ಲಿ! ಮುಂದಿನ ಟೆಸ್ಟ್ ಮ್ಯಾಂಚೆಸ್ಟರಿನಲ್ಲಿ. ಅಲ್ಲಿಯ ಸಮಿತಿ ರಣಜಿಯನ್ನು ಆರಿಸಿತು, ಎದುರಾಳಿ ನಾಯಕ ಹ್ಯಾರಿ ಟ್ರಾಟ್ ಒಪ್ಪಿದರು. ರಣಜಿ 62 ಮತ್ತು ಔಟಾಗದೆ 154 ರನ್ ಹೊಡೆದರು. ಅಲ್ಲಿಂದಾಚೆಗೆ ಅವರ ಹುಟ್ಟಿನ ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಎತ್ತಲಿಲ್ಲ.

ಕಾನೂನಿನ ಪ್ರಕಾರ ರಣಜಿ ಬ್ರಿಟಿಷ್ ಪ್ರಜೆಯೂ ಆಗಿರಲಿಲ್ಲ. ದೇಶೀ ಸಂಸ್ಥಾನಗಳ ಜನರು 'ಬ್ರಿಟಿಷ್ ರಕ್ಷಣೆಗೆ ಒಳಪಟ್ಟವರು' ಎಂಬ ಬೇರೆಯೇ ಪಟ್ಟಿಯಲ್ಲಿದ್ದರು. ಅದೇ ಪಟ್ಟಿಯಲ್ಲಿ ಸೇಡಂನ ಒಕ್ಕಲಿಗನೂ, ಶಹಾಬಾದಿನ ಕಲ್ಲುಗಣಿಯ ಕೂಲಿಯೂ ಇದ್ದರು. ಬೊಂಬಾಯಿಯಿಂದ ಬರುವ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಗೆ 1874ರಲ್ಲಿ ವಾಡಿಯಲ್ಲಿ ನಿಜಾಮರ ರೈಲುಹಳಿ ಬಂದು ಕೂಡಿತು. ವಾಡಿ ಜಂಕ್ಷನ್ನಿನಲ್ಲಿ ಇಳಿದು ಚಿತ್ತಾಪುರ, ಸೇಡಂ, ತಾಂಡೂರು ಮಾರ್ಗವಾಗಿ ಹೈದರಾಬಾದಿಗೆ ಹೊರಟವನು ಬ್ರಿಟಿಷ್ ಕಂಪನಿಯ ಗಾಡಿಯಿಂದ ನಿಜಾಮರ ಗಾಡಿಗೆ ಹತ್ತುತ್ತಿದ್ದ. ಒಂದೇ ಪ್ಲಾಟ್‌ಫಾರಂ ಮೇಲೆ ಬ್ರಿಟಿಷ್ ಪ್ರಜೆ, ಮುಲ್ಕಿ, ಗೈರ್‌ಮುಲ್ಕಿ ಮೂವರೂ ಚಹಾ ಕುಡಿಯುತ್ತಿದ್ದರೆ ನೋಡಿ ಹೇಳಲು ಬಾರದು.

ಇಂಗ್ಲೆಂಡಿನವರು ಆಮೇಲೆಯೂ ಈ ಪ್ರಶ್ನೆಗೆ ಒಂದೇ ಉತ್ತರ ಕೊಡಲಿಲ್ಲ. ದಕ್ಷಿಣ ಆಫ್ರಿಕಾದ ವರ್ಣೀಯ ಆಟಗಾರ ಬೇಸಿಲ್ ಡಿ'ಒಲಿವೇರಾ ತನ್ನ ನಾಡಿನಲ್ಲಿ ಬಿಳಿಯರ ತಂಡ ಸೇರಲಾಗದೆ 1960ರಲ್ಲಿ ಇಂಗ್ಲೆಂಡಿಗೆ ಬಂದು, 1966ರಲ್ಲಿ ಆ ದೇಶದ ಪರ ಟೆಸ್ಟ್ ಆಡಿದ. 1968ರಲ್ಲಿ ಓವಲ್ ಮೈದಾನದಲ್ಲಿ 158 ರನ್ ಹೊಡೆದ ಮೇಲೂ ದಕ್ಷಿಣ ಆಫ್ರಿಕಾ ಪ್ರವಾಸದ ತಂಡದಲ್ಲಿ ಅವನ ಹೆಸರಿರಲಿಲ್ಲ. ಗದ್ದಲವಾಯಿತು. ಗಾಯಗೊಂಡ ಮತ್ತೊಬ್ಬನ ಜಾಗಕ್ಕೆ ಅವನನ್ನು ಸೇರಿಸಿಕೊಂಡಾಗ ದಕ್ಷಿಣ ಆಫ್ರಿಕಾ ಸರ್ಕಾರ ಒಪ್ಪದೆ ಪ್ರವಾಸವೇ ರದ್ದಾಯಿತು. ಅದೇ ದಕ್ಷಿಣ ಆಫ್ರಿಕಾದ ಬಿಳಿಯ ಹುಡುಗಿ, ಬರಿಗಾಲ ಓಟಗಾರ್ತಿ ಜೋಲಾ ಬಡ್‌ಗೆ 1984ರಲ್ಲಿ ತಾತ ಬ್ರಿಟಿಷನೆಂಬ ಆಧಾರದ ಮೇಲೆ ಎರಡು ವಾರದೊಳಗೆ ಬ್ರಿಟಿಷ್ ಪೌರತ್ವ ದೊರೆತು, ಆಕೆ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಹೊರಟುಬಿಟ್ಟಳು. ಪತ್ರಿಕೆಯೊಂದು ಬೆನ್ನಿಗೆ ನಿಂತಿದ್ದರಿಂದ ಕಡತ ಓಡಿತು. ಹದಿನೈದು ವರ್ಷ ಕಾಯುವ ಮುಲ್ಕಿ ಅರ್ಜಿದಾರ ಇದನ್ನು ಕೇಳಿದ್ದರೆ ಏನೆನ್ನುತ್ತಿದ್ದನೋ.

2012ರ ಲಂಡನ್ ಒಲಿಂಪಿಕ್ಸಿನಲ್ಲಿ 10,000 ಮೀಟರ್ ಮತ್ತು 5,000 ಮೀಟರ್ ಓಟಗಳೆರಡನ್ನೂ ಗೆದ್ದ ಮೊ ಫರಾ ಅವರ ಕಥೆ ಕಾಗದ ಪತ್ರಗಳನ್ನು ನಂಬುವವರಿಗೆ ಬೇರೆ ರೀತಿಯ ಪಾಠ. ಸೊಮಾಲಿಯಾ ಮೂಲದ ಫರಾ 2000ದಲ್ಲಿ ಬ್ರಿಟಿಷ್ ಪೌರರಾದರು. ಬ್ರಿಟನ್ನೇ ಅವರನ್ನು ತಲೆಯ ಮೇಲೆ ಹೊತ್ತು ಮೆರೆಸಿತು, ರಾಣಿ ಸರ್ ಪದವಿ ಕೊಟ್ಟರು. 2022ರ ಜುಲೈನಲ್ಲಿ ಅವರೇ ಒಂದು ಸತ್ಯ ಹೊರಗಿಟ್ಟರು. ತಮ್ಮ ನಿಜ ಹೆಸರು ಹುಸೇನ್ ಅಬ್ದಿ ಕಾಹಿನ್. ಒಂಬತ್ತು ವರ್ಷದವರಿದ್ದಾಗ ಬೇರೊಬ್ಬ ಹುಡುಗನ ಹೆಸರಿನ ಕಾಗದದ ಮೇಲೆ ತಮ್ಮನ್ನು ಕದ್ದು ತರಲಾಯಿತು, ಯಾರದೋ ಮನೆಯಲ್ಲಿ ಕೆಲಸಕ್ಕಿಡಲಾಯಿತು. ಬ್ರಿಟಿಷ್ ಗೃಹ ಇಲಾಖೆ ಅವರ ಮೇಲೆ ಯಾವ ಕ್ರಮವನ್ನೂ ಕೈಗೊಳ್ಳುವುದಿಲ್ಲ ಎಂದು ಕೂಡಲೇ ಪ್ರಕಟಿಸಿತು. ಕಾಗದ ಸುಳ್ಳಾದರೂ ಪದಕ ನಿಜವಾಗಿತ್ತಲ್ಲ. ಅದೇ ದಾರಿಯಲ್ಲಿ ಬಂದು, ಪದಕವಿಲ್ಲದೆ ಹೋಟೆಲಿನ ಪಾತ್ರೆ ತೊಳೆಯುವ ಹುಡುಗನಿಗೆ ಈ ಔದಾರ್ಯ ಸಿಗುವುದೆಂದು ನಂಬುವುದು ಕಷ್ಟ. ಪದಕದ ರಕ್ಷಣೆಯೂ ಎಷ್ಟು ದಿನ? 2021ರ ಯೂರೋ ಫುಟ್ಬಾಲ್ ಫೈನಲಿನಲ್ಲಿ ಇಂಗ್ಲೆಂಡಿನ ಮೂವರು ಕರಿಯ ಆಟಗಾರರು, ರಾಶ್‌ಫೋರ್ಡ್, ಸ್ಯಾಂಚೊ ಮತ್ತು ಸಾಕಾ, ಪೆನಾಲ್ಟಿ ತಪ್ಪಿಸಿಕೊಂಡರು. ಅಂದು ರಾತ್ರಿಯೇ ಅವರ ಮೈಬಣ್ಣ ಹಿಡಿದು ಬೈಗುಳ ಸುರಿಯಿತು. ಮೂವರೂ ಹುಟ್ಟಿದ್ದು ಇಂಗ್ಲೆಂಡಿನಲ್ಲೇ.

ಈ ಕಡೆಯ ಜನಕ್ಕೆ ಹತ್ತಿರದ ಉದಾಹರಣೆ ಹೈದರಾಬಾದಿನ ಆಸಿಫ್ ಇಕ್ಬಾಲ್. 1943ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಇವರು ಹುಟ್ಟಾ ಮುಲ್ಕಿ. ಸೋದರ ಸಂಬಂಧದಲ್ಲಿ ಮಾವನಾದ ಗುಲಾಂ ಅಹಮದ್ ಭಾರತ ತಂಡದ ನಾಯಕರಾಗಿದ್ದವರು. ಆಸಿಫ್ ರಣಜಿ ಟ್ರೋಫಿಯಲ್ಲಿ ಹೈದರಾಬಾದ್ ಪರ ಆಡಿ, 1961ರಲ್ಲಿ ಪಾಕಿಸ್ತಾನಕ್ಕೆ ಹೋದರು. 1979-80ರಲ್ಲಿ ಪಾಕಿಸ್ತಾನ ತಂಡದ ನಾಯಕರಾಗಿ ತಾವು ಹುಟ್ಟಿದ ದೇಶಕ್ಕೆ ಪ್ರವಾಸ ಬಂದರು. ಮಾವ ಒಂದು ದೇಶದ ನಾಯಕ, ಅಳಿಯ ಇನ್ನೊಂದರ ನಾಯಕ. ಇದಕ್ಕೂ ಮೊದಲು ಅಬ್ದುಲ್ ಹಫೀಜ್ ಕಾರ್ದಾರ್, ಅಮೀರ್ ಇಲಾಹಿ ಮತ್ತು ಗುಲ್ ಮಹಮ್ಮದ್ ಎರಡೂ ದೇಶಗಳ ಪರ ಟೆಸ್ಟ್ ಆಡಿದ್ದರು. ಇವರಲ್ಲಿ ಯಾರು ಎಲ್ಲಿಯವರು ಎಂದು ವಾದಿಸುವವರು 1947 ಮತ್ತು 1948ರಲ್ಲಿ ಕುಟುಂಬಗಳು ಹೇಗೆ ಹರಿದುಹೋದವು ಎಂಬುದನ್ನು ಮರೆತಿರುತ್ತಾರೆ.

ಊರು ಬಿಟ್ಟು ಕದಲದವರ ಗುರುತೂ ಬದಲಾಗುತ್ತಲೇ ಇತ್ತು. 1940ರಲ್ಲಿ ಚಿಂಚೋಳಿಯಲ್ಲಿ ಹುಟ್ಟಿ ಅಲ್ಲೇ ಉಳಿದ ಒಬ್ಬನನ್ನು ಊಹಿಸಿಕೊಳ್ಳಿ. ಹುಟ್ಟುವಾಗ ಅವನು ನಿಜಾಮರ ಪ್ರಜೆ. 1948ರ ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆಯ ನಂತರ ಭಾರತದೊಳಗೆ ಬಂದ, 1950ರಲ್ಲಿ ಭಾರತದ ಪೌರನಾದ. 1956ರ ನವೆಂಬರ್ 1ರಂದು ಮೈಸೂರು ರಾಜ್ಯದವನಾದ, 1973ರಲ್ಲಿ ಅದೇ ರಾಜ್ಯ ಕರ್ನಾಟಕವಾಯಿತು. ಹೈದರಾಬಾದ್ ಕರ್ನಾಟಕ ಎಂದು ಕರೆಯುತ್ತಿದ್ದ ಅವನ ಸೀಮೆ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ಮನೆಯ ಹೊಸ್ತಿಲು ಮಾತ್ರ ಅದೇ. ಯಾವ ತಂಡಕ್ಕೆ ಜೈ ಎನ್ನುತ್ತೀಯ ಎಂದು ಅವನನ್ನು ಯಾರೂ ಕೇಳಲಿಲ್ಲ.

ವಾಡಿಯಂಥ ಜಂಕ್ಷನ್ನುಗಳನ್ನು ನಡೆಸಿದ ರೈಲ್ವೆಯ ಚಾಲಕ, ಗಾರ್ಡ್ ಹುದ್ದೆಗಳಲ್ಲಿ ದೇಶದ ತುಂಬ ಆಂಗ್ಲೋ-ಇಂಡಿಯನ್ನರು ಇದ್ದರು. ರೈಲ್ವೆ ಕಾಲೊನಿಯೆಂದರೆ ಒಂದು ಹಾಕಿ ಮೈದಾನ ಇರಲೇಬೇಕು. 1928ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಭಾರತಕ್ಕೆ ಮೊದಲ ಹಾಕಿ ಚಿನ್ನ ತಂದ ತಂಡದಲ್ಲಿ ಅರ್ಧಕ್ಕೂ ಹೆಚ್ಚು ಜನ ಇವರೇ. ನಾಯಕ ಜೈಪಾಲ್ ಸಿಂಗ್ ಛೋಟಾ ನಾಗಪುರದ ಮುಂಡಾ ಬುಡಕಟ್ಟಿನವರು. ಸ್ವಾತಂತ್ರ್ಯ ಬಂದಾಗ ಅನೇಕ ಆಂಗ್ಲೋ-ಇಂಡಿಯನ್ ಕುಟುಂಬಗಳು ತಾವು ಭಾರತೀಯರೋ ಬ್ರಿಟಿಷರೋ ಎಂದು ತಾವೇ ಕೇಳಿಕೊಂಡು ಹಡಗು ಹತ್ತಿದವು. ಜಬಲ್ಪುರದ ಪಿಯರ್ಸ್ ಕುಟುಂಬ ಆಸ್ಟ್ರೇಲಿಯಾದ ಪರ್ತ್ ನಗರ ಸೇರಿತು. ಅದರ ಐವರು ಸೋದರರೂ ಆಸ್ಟ್ರೇಲಿಯಾ ಪರ ಹಾಕಿ ಆಡಿದರು. ಭಾರತ ತಾನು ಕಲಿಸಿದ ಆಟವನ್ನೇ ಎದುರಿಸಬೇಕಾಯಿತು.

ಆ ಪರ್ತ್ ನಗರದಿಂದಲೇ ತಿರುಗು ಪ್ರಯಾಣ ಮಾಡಿದವರು ಬೆಂಗಳೂರು ಎಫ್‌ಸಿ ಫುಟ್ಬಾಲ್ ತಂಡದ ರಯಾನ್ ವಿಲಿಯಮ್ಸ್. ಅವರ ತಾಯಿ ಮುಂಬಯಿಯ ಆಂಗ್ಲೋ-ಇಂಡಿಯನ್ ಕುಟುಂಬದವರು, ತಾತ ಸಂತೋಷ್ ಟ್ರೋಫಿಯಲ್ಲಿ ಬಾಂಬೆ ಪರ ಆಡಿದವರು. 2019ರಲ್ಲಿ ಆಸ್ಟ್ರೇಲಿಯಾ ಪರ ಒಂದು ಪಂದ್ಯ ಆಡಿದ್ದ ವಿಲಿಯಮ್ಸ್ 2025ರಲ್ಲಿ ಆ ದೇಶದ ಪೌರತ್ವ ಬಿಟ್ಟು ಭಾರತದ ಪಾಸ್‌ಪೋರ್ಟ್ ಪಡೆದರು. ಬೇರೆ ದಾರಿಯಿರಲಿಲ್ಲ. ಭಾರತ ಎರಡು ಪೌರತ್ವವನ್ನು ಒಪ್ಪುವುದಿಲ್ಲ, 2008ರಿಂದ ಭಾರತದ ಪಾಸ್‌ಪೋರ್ಟ್ ಇಲ್ಲದವರು ದೇಶದ ಪರ ಆಡುವಂತೆಯೂ ಇಲ್ಲ. ಕ್ರಿಕೆಟ್ಟಿನ ಅಂತರರಾಷ್ಟ್ರೀಯ ಮಂಡಳಿ ಇಷ್ಟು ಬಿಗಿಯಲ್ಲ. ಹುಟ್ಟು, ಪೌರತ್ವ ಅಥವಾ ಮೂರು ವರ್ಷದ ವಾಸ, ಯಾವುದಾದರೂ ಒಂದಿದ್ದರೆ ಸಾಕು. ಚಿಕ್ಕಮಗಳೂರಿನ ಕಾಫಿ ಬೆಳೆಗಾರರ ಮನೆಯ ಹುಡುಗ ನೊಸ್ತುಶ್ ಕೆಂಜಿಗೆ ಬೆಳೆದದ್ದು ಕರ್ನಾಟಕದಲ್ಲಿ, ಹುಟ್ಟಿದ್ದು ಅಮೆರಿಕದ ಅಲಬಾಮಾದಲ್ಲಿ. ಆ ಹುಟ್ಟಿನ ಬಲದಿಂದ ಅಮೆರಿಕ ತಂಡ ಸೇರಿ 2024ರ ಟಿ-20 ವಿಶ್ವಕಪ್ಪಿನಲ್ಲಿ ಪಾಕಿಸ್ತಾನವನ್ನು ಸೋಲಿಸಿದ ಪಂದ್ಯದಲ್ಲಿ ಮೂರು ವಿಕೆಟ್ ಕಿತ್ತರು.

ಇವರೆಲ್ಲ ಹೋದವರು ಅಥವಾ ಬಂದವರು. ನಾಲ್ಕಾರು ಶತಮಾನ ಎಲ್ಲಿಗೂ ಹೋಗದೆ ಇಲ್ಲೇ ಇದ್ದೂ 'ಯಾವ ದೇಶದವರು' ಎಂದು ಕೇಳಿಸಿಕೊಳ್ಳುವವರು ಉತ್ತರ ಕನ್ನಡದ ಸಿದ್ದಿಗಳು. ಪೋರ್ಚುಗೀಸರು ಮತ್ತು ಅರಬರು ಗುಲಾಮರನ್ನಾಗಿ ತಂದ ಆಫ್ರಿಕನ್ನರಲ್ಲಿ ಅನೇಕರು ಗೋವೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲೂಕುಗಳಲ್ಲಿ ಅವರ ವಂಶಜರಿದ್ದಾರೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ಕನ್ನಡ, ಕೊಂಕಣಿ ಅವರ ಬಾಯಲ್ಲಿ ಸರಾಗ. ಹೈದರಾಬಾದ್ ಸಂಸ್ಥಾನಕ್ಕೂ ಅವರ ಬಳಗ ಅಪರಿಚಿತವಲ್ಲ. ನಿಜಾಮರಿಗೆ ಆಫ್ರಿಕನ್ ಅಶ್ವದಳವೊಂದಿತ್ತು, ಆ ಸೈನಿಕರು ನೆಲೆಸಿದ ಬಡಾವಣೆ ಹೈದರಾಬಾದಿನಲ್ಲಿ ಇಂದಿಗೂ ಎ.ಸಿ. ಗಾರ್ಡ್ಸ್ ಎಂದೇ ಕರೆಸಿಕೊಳ್ಳುತ್ತದೆ.

ಒಲಿಂಪಿಕ್ಸಿನಲ್ಲಿ ಭಾರತ ಬರಿಗೈಯಲ್ಲಿ ಮರಳುತ್ತಿದ್ದ ಎಂಬತ್ತರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ 'ವಿಶೇಷ ಪ್ರದೇಶ ಕ್ರೀಡಾ ಯೋಜನೆ' ಆರಂಭಿಸಿತು. ಬುಡಕಟ್ಟು ಮತ್ತು ಗುಡ್ಡಗಾಡಿನ ಮಕ್ಕಳಲ್ಲಿ ಪ್ರತಿಭೆ ಹುಡುಕುವುದು ಅದರ ಗುರಿ. 1987ರ ಸುಮಾರಿಗೆ ಮಾರ್ಗರೆಟ್ ಆಳ್ವ ಕ್ರೀಡಾ ಸಚಿವೆಯಾಗಿದ್ದಾಗ ಸಿದ್ದಿ ಮಕ್ಕಳನ್ನೂ ಆರಿಸಿ ಬೆಂಗಳೂರಿನ ತರಬೇತಿ ಕೇಂದ್ರಕ್ಕೆ ಕರೆತಂದರು. ಕಮಲಾ ಸಿದ್ದಿಯಂಥವರು ಹರ್ಡಲ್ಸ್‌ನಲ್ಲಿ ರಾಷ್ಟ್ರಮಟ್ಟದ ಪದಕ ಗೆದ್ದರು. ಆದರೆ ಯೋಜನೆಯ ಬೇರಿನಲ್ಲೇ ಒಂದು ತೊಡಕಿತ್ತು. ಆಫ್ರಿಕನ್ ರಕ್ತದವರು ಚೆನ್ನಾಗಿ ಓಡುತ್ತಾರೆ ಎಂಬ ಊಹೆಯ ಮೇಲೆ ಆ ಮಕ್ಕಳನ್ನು ಆರಿಸಲಾಗಿತ್ತು. ಅಂದರೆ ಭಾರತದ ಬಣ್ಣ ತೊಟ್ಟು ಓಡುವ ಅವಕಾಶ ಅವರಿಗೆ ಸಿಕ್ಕಿದ್ದು ಅವರು ಹೊರಗಿನವರಂತೆ ಕಾಣುತ್ತಾರೆಂಬ ಕಾರಣಕ್ಕೆ. ಘಟ್ಟದಲ್ಲಿ ಹುಟ್ಟಿದ ಉಳಿದ ಮಕ್ಕಳ ಕಾಲನ್ನು ಯಾರೂ ಹಾಗೆ ನೋಡಲಿಲ್ಲ.

ತೊಂಬತ್ತರ ದಶಕದ ಆರಂಭದಲ್ಲಿ ಸಿದ್ದಿಗಳ ತರಬೇತಿ ನಿಂತುಹೋಯಿತು. ಓದನ್ನೂ ಊರನ್ನೂ ಬಿಟ್ಟು ಬಂದಿದ್ದ ಹುಡುಗ ಹುಡುಗಿಯರು ಬೆಳೆಯುವ ವಯಸ್ಸಿನಲ್ಲೇ ಮರಳಿ ಕಾಡಂಚಿನ ಕೂಲಿಗೆ ಹೋದರು. ಕ್ರೀಡಾ ಮೀಸಲಾತಿಯಲ್ಲಿ ರೈಲ್ವೆಯಂಥ ಕಡೆ ನೌಕರಿ ಹಿಡಿದವರು ಕೆಲವರೇ. ಪದಕ ಬರುವುದೆಂಬ ಭರವಸೆ ಇರುವ ತನಕ ಅವರು ದೇಶದ ಆಸ್ತಿ. ಭರವಸೆ ಮುಗಿದ ಮೇಲೆ ಬಸ್ಸಿನಲ್ಲಿ ಪಕ್ಕದವರು 'ಯಾವ ದೇಶ' ಎಂದು ಕೇಳುವ ಹಳೆಯ ಪಾಡೇ ಉಳಿಯಿತು. ಸರ್ಕಾರಿ ಕಾಗದ ಬಂದದ್ದು ಬಹಳ ತಡವಾಗಿ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ದೊರೆಯಿತು. ಪಕ್ಕದ ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿದ್ದ ಅವರದೇ ಬಂಧುಗಳು ಅದೇ ಸ್ಥಾನಕ್ಕೆ 2020ರವರೆಗೆ ಕಾಯಬೇಕಾಯಿತು. ಆ ವರ್ಷವೇ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು.

ಜಿಲ್ಲೆಯ ಗಡಿ ದಾಟಿದರೆ ಗುರುತು ಬದಲಾಗುವ ಈ ವಿಚಿತ್ರ ಸೇಡಂ, ಚಿಂಚೋಳಿಗೂ ಚೆನ್ನಾಗಿ ಗೊತ್ತು. 1956ರಲ್ಲಿ ರಾಜ್ಯಗಳನ್ನು ವಿಂಗಡಿಸುವಾಗ ಆಗಿನ ಗುಲಬರ್ಗಾ ಜಿಲ್ಲೆಯಿಂದ ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳನ್ನು ತೆಗೆದು ಆಂಧ್ರಕ್ಕೆ ಕೊಟ್ಟರು. ಮುಲ್ಕಿಯ ಜಗಳ ಆ ಕಡೆಗೆ ಹೋಯಿತು. 1952ರಲ್ಲೇ ಹೈದರಾಬಾದಿನಲ್ಲಿ ಗೈರ್‌ಮುಲ್ಕಿಗಳ ವಿರುದ್ಧ ವಿದ್ಯಾರ್ಥಿಗಳು ಬೀದಿಗಿಳಿದು ಗೋಲಿಬಾರ್ ಆಗಿತ್ತು, ಮುಂದೆ ತೆಲಂಗಾಣ ಚಳವಳಿಯ ಬೇರೂ ಅಲ್ಲೇ ಇಳಿಯಿತು. ಮೈಸೂರಿಗೆ ಸೇರಿದ ಈ ಭಾಗಕ್ಕೆ ಮುಲ್ಕಿಯ ಆಸರೆಯೂ ತಪ್ಪಿತು. ಚಿಂಚೋಳಿಯ ಶಾಸಕರಾಗಿದ್ದ ವೈಜನಾಥ ಪಾಟೀಲರು ಮೊದಲಾದವರು ದಶಕಗಳ ಕಾಲ ಹೋರಾಡಿದ ಮೇಲೆ 2012ರ ಡಿಸೆಂಬರ್‌ನಲ್ಲಿ ಸಂಸತ್ತು ಸಂವಿಧಾನಕ್ಕೆ 371 (ಜೆ) ವಿಧಿಯನ್ನು ಸೇರಿಸಲು ಒಪ್ಪಿತು. ಸ್ಥಳೀಯ ವ್ಯಕ್ತಿ ಯಾರು ಎಂದು ನಿರ್ಧರಿಸುವ ಹೊಣೆ ಮತ್ತೆ ಬಂತು. ಮತ್ತೆ ಹುಟ್ಟು, ಮತ್ತೆ ವಾಸ. ನಿಜಾಮರ ಹದಿನೈದು ವರ್ಷ ಈಗ ಹತ್ತಾಯಿತು. ಮನಸ್ಸಿನ ಆಸೆ ಬಿಟ್ಟಿದ್ದೇನೆಂಬ ಪ್ರಮಾಣವನ್ನು ಮಾತ್ರ ಈ ಸಲ ಕೇಳಲಿಲ್ಲ, ಅದು ಒಳ್ಳೆಯದೇ ಆಯಿತು.

ಹಿಂದುಳಿದ ಸೀಮೆಯ ಹುಡುಗರಿಗೆ ನೌಕರಿಯಲ್ಲಿ, ವೈದ್ಯಕೀಯ ಸೀಟಿನಲ್ಲಿ ಪಾಲು ಸಿಗಲು ಇಂಥ ಗೆರೆಯೊಂದು ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಗೆರೆ ಎಳೆದ ಕೂಡಲೇ ಅದರ ಮೇಲೇ ನಿಂತವರು ಕಾಣತೊಡಗುತ್ತಾರೆ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಿಗೆ ಉತ್ತರದ ರಾಜ್ಯಗಳಿಂದ ಕೂಲಿಗೆ ಬಂದವರ ಮಕ್ಕಳು ಇಲ್ಲಿಯ ಶಾಲೆಯಲ್ಲಿ ಕನ್ನಡ ಕಲಿತು ಕಬಡ್ಡಿ ಅಂಗಳಕ್ಕಿಳಿಯುತ್ತಾರೆ. ಅದೇ ಹೊತ್ತಿಗೆ ಚಿಂಚೋಳಿಯ ತಾಂಡಾಗಳಿಂದ ಲಂಬಾಣಿ ಕುಟುಂಬಗಳು ಮುಂಬಯಿ, ಪುಣೆ, ಹೈದರಾಬಾದಿಗೆ ಗುಳೆ ಹೋಗುತ್ತವೆ. ಲಂಬಾಣಿಗಳು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಗಡಿ ದಾಟಿ ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಸೇಡಂ ನಿಲ್ದಾಣದಲ್ಲಿ ರೈಲು ಹತ್ತಿ ತಾಂಡೂರಿನಲ್ಲಿ ಇಳಿಯುವ ಲಂಬಾಣಿ ಹುಡುಗಿ ಚೆನ್ನಾಗಿ ಓಡುವವಳಾದರೆ, ಹತ್ತಿದ ಊರಿನಲ್ಲಿ ಅವಳು ಕರ್ನಾಟಕದ ಪರಿಶಿಷ್ಟ ಜಾತಿಯ ಓಟಗಾರ್ತಿ. ಇಳಿದ ಊರಿನ ತಾಂಡಾದಲ್ಲಿರುವ ಅವಳ ಚಿಕ್ಕಮ್ಮನ ಮಗಳು ತೆಲಂಗಾಣದ ಪರಿಶಿಷ್ಟ ಪಂಗಡದವಳು. ಎರಡೂ ಊರು 1956ರ ಅಕ್ಟೋಬರ್ 31ರವರೆಗೆ ಒಂದೇ ಜಿಲ್ಲೆಯಲ್ಲಿದ್ದವು.